ಓಲೆಕಾರನ ಹೆಜ್ಜೆ

“ಗುರುಗಳೇ, ಮುದುಕ ತಂದೆಯನ್ನು ಜೊತೆಗೆ ಕಟ್ಟಿಕೊಂಡು ಹೊರಟವನು ಎಂದಾದರೂ ಒಂದು ಕಡೆ ತಲುಪುತ್ತಾನೆಯೇ?” ಎಂದು ಹೊನ್ನಯ್ಯ ಕೇಳಿದ.

ಕೇಳುವಾಗ ಅವನು ಇನ್ನೂ ಕುಳಿತಿರಲಿಲ್ಲ. ಗುಡ್ಡದ ಮೇಲಿನ ಆ ಮಠಕ್ಕೆ ಮುನ್ನೂರು ಮೆಟ್ಟಿಲು. ಅಷ್ಟನ್ನೂ ಒಂದೇ ಉಸಿರಿಗೆ ಹತ್ತಿ ಬಂದು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಿದ್ದ.

“ತಂದೆ ಎಲ್ಲಿ?” ಎಂದರು ಗುರುಗಳು.

“ಮೆಟ್ಟಿಲ ಮೇಲಿದ್ದಾರೆ. ಕಿವಿಗೊಟ್ಟರೆ ನಿಮಗೂ ಕೇಳುತ್ತದೆ.”

ಕೆಳಗಿನಿಂದ ಕೋಲಿನ ಸದ್ದು ಬಂತು. ಟಕ್. ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಟಕ್.

“ಕೇಳಿದಿರಾ? ನಿಮ್ಮಲ್ಲಿ ಉಪದೇಶ ಪಡೆಯಬೇಕೆಂದು ಊರು ಬಿಟ್ಟು ಹದಿನಾರು ದಿನವಾಯಿತು. ಇದು ನಾಲ್ಕು ದಿನದ ದಾರಿ. ಹತ್ತು ಹೆಜ್ಜೆಗೊಮ್ಮೆ ನೀರು ಬೇಕು. ಇಪ್ಪತ್ತು ಹೆಜ್ಜೆಗೊಮ್ಮೆ ಬೇಲಿಯ ಮರೆ ಬೇಕು. ಚಪ್ಪಲಿಯಲ್ಲಿ ಕಲ್ಲು ಸೇರಿತು ಎನ್ನುತ್ತಾರೆ. ಬಿಚ್ಚಿ ಕೊಡವಿದರೆ ಕಲ್ಲೇ ಇರುವುದಿಲ್ಲ. ಅಪ್ಪಣೆಯಾದರೆ ಗುಡ್ಡದ ಕೆಳಗಿನ ಊರಲ್ಲಿ ಯಾರ ಮನೆಯಲ್ಲಾದರೂ ಅವರನ್ನು ಇರಿಸಿ ಬರುತ್ತೇನೆ. ಆಮೇಲೆ ನೆಮ್ಮದಿಯಿಂದ ಕಲಿಯುತ್ತೇನೆ.”

“ಕುಳಿತುಕೋ,” ಎಂದರು ಗುರುಗಳು. “ಅವರು ಬರುವವರೆಗೆ ಒಂದು ಕತೆ ಹೇಳುತ್ತೇನೆ. ಒಂದು ಕಿವಿ ಕತೆಯ ಕಡೆ ಇರಲಿ. ಇನ್ನೊಂದು ಮೆಟ್ಟಿಲ ಕಡೆ ಇರಲಿ.”

ಗುರುಗಳು ಹೇಳಿದ ಕತೆ ಇದು.

ಒಬ್ಬ ಓಲೆಕಾರನಿದ್ದ. ಅರಸರ ಪತ್ರಗಳನ್ನು ಒಂದು ಊರಿಂದ ಇನ್ನೊಂದು ಊರಿಗೆ ಕಾಲ್ನಡೆಯಲ್ಲಿ ಮುಟ್ಟಿಸುವುದು ಅವನ ಕೆಲಸ. ಅವನ ಹೆಜ್ಜೆಗೆ ಹೆಸರಿತ್ತು. ಏರಿರಲಿ ಇಳಿಜಾರಿರಲಿ, ಮರಳಿರಲಿ ಕೆಸರಿರಲಿ, ಅವನ ಕಾಲು ಒಂದೇ ಸಮ ಬೀಳುತ್ತಿತ್ತು. ದಾರಿಯ ಹಳ್ಳಿಗಳಲ್ಲಿ ಭತ್ತ ಕುಟ್ಟುವ ಹೆಂಗಸರು ಅವನು ಹಾಯುವಾಗ ಅವನ ಹೆಜ್ಜೆಗೆ ಸರಿಯಾಗಿ ಒನಕೆ ಹಾಕುತ್ತಿದ್ದರು. ನಡುವೆ ನಿಲ್ಲುವುದು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

ಅವನ ತಂದೆಯೂ ಓಲೆಕಾರನೇ ಆಗಿದ್ದವನು. ಈಗ ಮುದುಕ. ಹಲ್ಲು ಹೋಗಿತ್ತು, ಮಂಡಿ ಹೋಗಿತ್ತು. ಒಂದು ಕತೆ ಮಾತ್ರ ಹೋಗಿರಲಿಲ್ಲ. ಹರೆಯದಲ್ಲಿ ಅವನು ಕಾಡುದಾರಿಯಲ್ಲಿ ಪತ್ರ ಒಯ್ಯುತ್ತಿದ್ದಾಗ ಒಂದು ಕಡವೆ ಎದುರಿಗೆ ಬಂದು ನಿಂತಿತಂತೆ. ಎತ್ತಿನಷ್ಟು ಎತ್ತರವಂತೆ. ತಲೆಯ ಮೇಲೆ ಒಣಮರದಂಥ ಕೊಂಬಂತೆ. ಅದು ಅವನನ್ನೇ ನೋಡುತ್ತ ನಿಂತಿತಂತೆ. ಚೀಲದಲ್ಲಿ ಅರಸರ ಪತ್ರವಿತ್ತು. ಅವನು ನಿಲ್ಲಲಿಲ್ಲ. ಪಕ್ಕದಿಂದ ಸರಿದು ನಡೆದುಬಿಟ್ಟ.

ಈ ಕತೆಯನ್ನು ಮುದುಕ ಉಣ್ಣುವಾಗ ಹೇಳುತ್ತಿದ್ದ. ಮನೆಗೆ ಬಂದವರ ಮುಂದೆ ಹೇಳುತ್ತಿದ್ದ. ಬಂದವರು ಎದ್ದು ಹೋದ ಮೇಲೂ ಹೇಳುತ್ತಿದ್ದ. ಪ್ರತಿ ಸಲ ಕೊಂಬಿಗೆ ಒಂದು ಕವಲು ಹೆಚ್ಚುತ್ತಿತ್ತು.

“ಆ ಕೊಂಬು ಬೆಳೆದು ಬೆಳೆದು ಇನ್ನು ನಮ್ಮ ಸೂರಿಗೆ ತಾಗುತ್ತದೆ. ಸಾಕು ಮಾಡಪ್ಪಾ,” ಎಂದು ಮಗ ರೇಗುತ್ತಿದ್ದ.

ಒಂದು ದಿನ ಮುದುಕ ಅಂದ: “ಒಂದು ಸಲ ಕಡವೆ ಬೇಟೆಗೆ ನನ್ನನ್ನು ಕರೆದುಕೊಂಡು ಹೋಗೋ. ಬೇರೆ ಏನೂ ಕೇಳುವುದಿಲ್ಲ.”

ಬೇರೆ ಏನೂ ಕೇಳುವುದಿಲ್ಲ ಎಂದು ಅವನು ಆ ತಿಂಗಳಲ್ಲೇ ಏಳು ಸಲ ಹೇಳಿದ್ದ, ಏಳು ಬೇರೆ ಬೇರೆ ವಿಷಯಕ್ಕೆ. ಆದರೂ ಮಗ ಅವನ ಮಂಡಿಯ ಕಡೆ ನೋಡಿದ. ಮುಂದಿನ ವರ್ಷ ಈ ಮಂಡಿ ಅಂಗಳ ದಾಟುವುದಿಲ್ಲ ಎಂದು ಅವನಿಗೆ ತಿಳಿಯಿತು. ಅರಮನೆಯಿಂದ ಮೂರು ದಿನದ ಬಿಡುವು ಪಡೆದ. ಒಂದು ಕೋವಿ ಎರವಲು ತಂದ. “ಅಪ್ಪನ ಕೈಯಿಂದಲೇ ಒಂದು ಕಡವೆ ಹೊಡೆಸಿ ತರುತ್ತೇನೆ,” ಎಂದು ಹೆಂಡತಿಗೆ ಹೇಳಿದ. ಮೂರು ದಿನವಾದರೂ ಮನೆ ತಣ್ಣಗಿರುತ್ತದೆ ಎಂದು ಹೆಂಡತಿ ಬುತ್ತಿಯನ್ನು ತುಸು ಹೆಚ್ಚೇ ಕಟ್ಟಿಕೊಟ್ಟಳು.

ಕಾಡಂಚಿನಲ್ಲಿ ಒಬ್ಬ ಬೇಟೆಗಾರನ ಗುಡಿಸಲಿತ್ತು. ಬೇಟೆಗೆ ಬಂದವರಿಗೆ ದಾರಿ ತೋರಿಸುವವನು ಅವನೇ. ಅವನು ಜ್ವರದಲ್ಲಿ ಮಲಗಿದ್ದ. ಅವನ ಹೆಂಡತಿ ಹೊರಗೆ ಬಂದಳು.

“ದಾರಿ ನಾನು ತೋರಿಸುತ್ತೇನೆ. ಕಡವೆ ಸಿಕ್ಕರೆ ಒಂದು ತೊಡೆ ನಮಗೆ. ಸಿಗದಿದ್ದರೆ ಒಂದು ಸೇರು ಉಪ್ಪು. ಬಂದವರಲ್ಲಿ ಯಾರು ಹಿರಿಯರೋ ಮೊದಲ ಗುಂಡು ಅವರದು, ಕೋವಿ ಅವರ ಕೈಯಲ್ಲೇ ಇರಬೇಕು. ಇದು ನಮ್ಮ ಕಾಡಿನ ಕಟ್ಟು. ಇನ್ನೊಂದು. ನಾನು ನಿಲ್ಲಿ ಎಂದಾಗ ನಿಲ್ಲಬೇಕು.”

“ಅದನ್ನು ನಮ್ಮಪ್ಪನಿಗೆ ಹೇಳಬೇಕಾಗಿಲ್ಲ. ಅವನು ಹೇಳದಿದ್ದರೂ ನಿಲ್ಲುತ್ತಾನೆ,” ಎಂದ ಮಗ.

ಅವಳು ನಗಲಿಲ್ಲ.

ಮೊದಲ ದಿನ ಬೆಳಕು ಹರಿಯುವಾಗ ಕಾಡು ಹೊಕ್ಕರು. ಮಗ ಮುಂದೆ ನಡೆದ. ಮುದುಕ ಎರಡು ಹೆಜ್ಜೆ ಇಟ್ಟು ಕೋಲೂರಿ ನಿಂತ. ಒಂದು ಹೆಜ್ಜೆ ಇಟ್ಟು ಕೆಮ್ಮಿದ. ಮೂರು ಹೆಜ್ಜೆ ಇಟ್ಟು, ಆ ಕಡವೆ ನಿಂತದ್ದು ಇಂಥದೇ ಮರದ ಕೆಳಗೆ ಎಂದು ಕತೆ ತೆಗೆದ. ಹೆಂಗಸು ಅವನ ಪಕ್ಕದಲ್ಲೇ ಬಂದಳು. ಒಮ್ಮೆ ಅವಳು “ನಿಲ್ಲಣ್ಣಾ” ಎಂದು ಮೆಲ್ಲಗೆ ಕರೆದಳು. ಮಗ ಅಷ್ಟು ಹೊತ್ತಿಗೆ ಮುಂದಿನ ತಿರುವು ದಾಟಿದ್ದ.

ಆಗ ಕಣಿವೆಯಲ್ಲಿ ಕಡವೆ ಕೂಗಿತು. ಮನುಷ್ಯನ ಸುಳಿವು ಸಿಕ್ಕರೆ ಕಡವೆ ಗಂಟೆ ಬಡಿದ ಹಾಗೆ ಗಟ್ಟಿಯಾಗಿ ಕೂಗುತ್ತದೆ. ಒಂದು ಕೂಗಿದರೆ ಕಣಿವೆಯಲ್ಲಿರುವ ಪ್ರಾಣಿಗಳೆಲ್ಲ ಎಚ್ಚರ. ಆ ದಿನದ ಬೇಟೆ ಮುಗಿದಂತೆ.

ಮಗ ದಡದಡನೆ ಹಿಂದಕ್ಕೆ ಬಂದ. “ಆಯಿತಾ? ಕೆಮ್ಮಿ ಓಡಿಸಿದೆಯಾ? ಮನೆಯಲ್ಲಿ ಕೆಮ್ಮಿದ್ದು ಸಾಲದು ಎಂದು ಇಲ್ಲಿಗೂ ಬಂದೆಯಾ?”

ಮುದುಕ ತಪ್ಪು ಮಾಡಿದವನಂತೆ ಕೋಲು ನೋಡಿಕೊಂಡ.

ಎರಡನೆಯ ದಿನ ಮಗ ತಯಾರಾಗಿ ಹೊರಟ. ಕೋಲಿನ ತುದಿಗೆ ಬಟ್ಟೆ ಸುತ್ತಿದ. ಕತೆ ಹೇಳಕೂಡದು ಎಂದು ಮಾತು ತೆಗೆದುಕೊಂಡ. ಕೆಮ್ಮು ಬರದಿರಲಿ ಎಂದು ಅಪ್ಪನ ಬಾಯಿಗೆ ಬೆಲ್ಲದ ಉಂಡೆ ತುರುಕಿದ. ಹಟದ ಮಗುವನ್ನು ಮದುವೆ ಮನೆಗೆ ಹೊರಡಿಸಿದ ಹಾಗಿತ್ತು. ಇಷ್ಟು ಮಾಡಿ ತಾನು ಮೊದಲಿನಂತೆ ಮುಂದೆ ನಡೆದ.

ಬಿಸಿಲು ಮರದ ತುದಿಗೆ ಬರುವ ಮುಂಚೆ ಕಡವೆ ಮತ್ತೆ ಕೂಗಿತು.

“ಕೆಮ್ಮಬೇಡ ಎಂದರೆ ಕೆಮ್ಮಬೇಡ ಅಪ್ಪಾ!”

“ಕೆಮ್ಮಲಿಲ್ಲ ಕಣೋ. ಬೆಲ್ಲ ಇನ್ನೂ ಬಾಯಲ್ಲೇ ಇದೆ. ನೋಡು,” ಎಂದು ಮುದುಕ ಬಾಯಿ ತೆರೆದು ತೋರಿಸಿದ.

“ಹಾಗಾದರೆ ಉಸಿರಾಡಿರುತ್ತೀಯ!”

ಹೆಂಗಸು ಮಗನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ನೋಟ ಅವನ ಕಾಲಿನ ಹತ್ತಿರ ಬಂದು ನಿಂತಿತು. ಏನೋ ಹೇಳಲು ಬಾಯಿ ತೆರೆದಳು. ಅವನು ಆಗಲೇ ಬುತ್ತಿಯ ಗಂಟು ಎತ್ತಿಕೊಂಡು ಹಿಂದಿರುಗುವ ದಾರಿ ಹಿಡಿದಿದ್ದ.

ಇಲ್ಲಿಗೆ ಬಂದಾಗ ಗುರುಗಳು ಕತೆ ನಿಲ್ಲಿಸಿದರು. ಕೆಳಗೆ ಮೆಟ್ಟಿಲ ಮೇಲೆ ಟಕ್ ಎಂದಿತು.

“ಇನ್ನೂ ಅರ್ಧದಲ್ಲೇ ಇದ್ದಾರೆ,” ಎಂದು ಹೊನ್ನಯ್ಯ ಹಣೆ ಚಚ್ಚಿಕೊಂಡ. “ನೀವು ಹೇಳಿ ಗುರುಗಳೇ. ಆ ಮಗನ ಸಂಕಟ ನನಗೆ ಅರ್ಥವಾಗುತ್ತದೆ.”

ಗುರುಗಳು ಮುಂದುವರಿಸಿದರು.

ಮೂರನೆಯ ದಿನ ಕೊನೆಯ ದಿನ. ಮರುದಿನ ಮಗ ಅರಮನೆಯ ಬಾಗಿಲಲ್ಲಿ ಇರಬೇಕು. ಅವನು ಅಪ್ಪನನ್ನು ಹಳ್ಳದ ದಡದ ಒಂದು ಮರದ ಬುಡದಲ್ಲಿ ಕೂರಿಸಿದ. ಕೋವಿಯನ್ನು ಅವನ ತೊಡೆಯ ಮೇಲಿಟ್ಟ.

“ಇಲ್ಲೇ ಕೂತಿರು. ಏಳಬೇಡ. ಕಡವೆ ಎಲ್ಲಿದೆ ಎಂದು ನಾನು ನೋಡಿ ಬರುತ್ತೇನೆ. ಆಮೇಲೆ ನಿನ್ನನ್ನು ಹೊತ್ತುಕೊಂಡಾದರೂ ಹೋಗಿ ಅದರ ಮುಂದೆ ನಿಲ್ಲಿಸುತ್ತೇನೆ. ನೀನು ಬೆರಳು ಒತ್ತಿದರೆ ಸಾಕು.”

“ನಿಧಾನವಾಗಿ ಬಾರಪ್ಪ,” ಎಂದ ಮುದುಕ.

“ನಿಧಾನವಂತೆ!” ಎಂದುಕೊಳ್ಳುತ್ತ ಮಗ ಹೊರಟ. ಎಷ್ಟೋ ವರ್ಷಗಳಿಂದ ಕಟ್ಟಿದ್ದ ಹೊರೆ ಕಳಚಿದ ಹಾಗಾಯಿತು. ಕಾಲು ತನ್ನ ಹದಕ್ಕೆ ಬಂತು. ಒಂದು ದಿಣ್ಣೆ ಹತ್ತಿದ. ಆಚೆಯ ಕಣಿವೆಯಲ್ಲಿ ಕಡವೆ ಕೂಗಿತು.

ಅವನು ಅಭ್ಯಾಸದಂತೆ ಹಿಂದಕ್ಕೆ ತಿರುಗಿ ಬೈಯಲು ಬಾಯಿ ತೆರೆದ. ಹಿಂದೆ ಯಾರೂ ಇರಲಿಲ್ಲ. ಕೆಮ್ಮು ಇರಲಿಲ್ಲ, ಕೋಲು ಇರಲಿಲ್ಲ.

ಅವನು ಆ ದಿಣ್ಣೆ ಇಳಿದು ಇನ್ನೊಂದು ದಿಣ್ಣೆ ಹತ್ತಿದ. ಅಲ್ಲಿಯೂ ಕಡವೆ ಕೂಗಿತು. ಈ ಸಲ ಅವನು ಬಾಯಿ ತೆರೆಯಲಿಲ್ಲ. ಯಾರ ಮೇಲೆ ರೇಗುವುದು ಎಂದು ತಿಳಿಯದೆ ಮರಕ್ಕೆ ಒಂದು ಒದೆ ಕೊಟ್ಟು ಹಳ್ಳಕ್ಕೆ ಹಿಂದಿರುಗಿದ.

ಮರದ ಬುಡದಲ್ಲಿ ಅಪ್ಪ ಇರಲಿಲ್ಲ.

ಕೂತಿರು ಎಂದರೆ ಕೂರುವ ಆಸಾಮಿಯೇ ಅಲ್ಲ ಎಂದು ಮೊದಲು ಸಿಟ್ಟು ಬಂತು. ಹಳ್ಳದ ನೀರು ಕಂಡಿತು. ಸಿಟ್ಟು ಅಲ್ಲೇ ಉಳಿಯಿತು, ಅದರ ಕೆಳಗೆ ಹೆದರಿಕೆ ಸೇರಿತು. ಒದ್ದೆ ಮಣ್ಣಿನಲ್ಲಿ ಕೋಲಿನ ಗುರುತು ಹುಡುಕುತ್ತ ಹೋದ. ಬಿದಿರ ಮೆಳೆಯ ಹಿಂದೆ, ಮುದುಕನ ಜೊತೆಗೇ ಉಳಿದಿದ್ದ ಆ ಹೆಂಗಸು ಕುಳಿತಿದ್ದಳು. ಅವಳು ಕೈ ಎತ್ತಿದಳು. ಮೂರು ದಿನದಲ್ಲಿ ಮೊದಲ ಬಾರಿಗೆ ಅವನು ನಿಂತ.

ಇಪ್ಪತ್ತು ಮಾರು ಮುಂದೆ ಅಪ್ಪನ ಬೆನ್ನು ಕಂಡಿತು. ಅವನಿಂದ ಹತ್ತು ಮಾರು ಆಚೆ ಒಂದು ಕಡವೆ ಮೇಯುತ್ತಿತ್ತು. ಎತ್ತಿನಷ್ಟು ಎತ್ತರ. ತಲೆಯ ಮೇಲೆ ಒಣಮರದಂಥ ಕೊಂಬು.

ಅಪ್ಪ ಎರಡು ಹೆಜ್ಜೆ ಇಟ್ಟು ನಿಂತ. ಕಡವೆ ಕಿವಿ ಎತ್ತಿತು. ಕಿವಿ ಇಳಿಸಿ ಮತ್ತೆ ಮೇಯಿತು. ಅಪ್ಪ ಒಂದು ಹೆಜ್ಜೆ ಇಟ್ಟು ಕೋಲೂರಿ ಸುಧಾರಿಸಿಕೊಂಡ. ಕಡವೆ ತಲೆಯನ್ನೇ ಎತ್ತಲಿಲ್ಲ.

“ಮೇಯುವ ಪ್ರಾಣಿ ಹೀಗೆಯೇ ನಡೆಯುವುದು,” ಎಂದು ಹೆಂಗಸು ಪಿಸುಗುಟ್ಟಿದಳು. “ಎರಡು ಹೆಜ್ಜೆ, ಒಂದು ಬಾಯಿ ಹುಲ್ಲು. ಒಂದು ಹೆಜ್ಜೆ, ಇನ್ನೊಂದು ಬಾಯಿ. ಎಲ್ಲಿಗೋ ಹೋಗಬೇಕಾದವನು ಮಾತ್ರ ನಿನ್ನ ಹಾಗೆ ನಡೆಯುತ್ತಾನೆ. ಮೂರು ದಿನವೂ ಅದು ಕೂಗಿದ್ದು ನಿನ್ನ ಕಾಲಿಗೆ.”

“ಮೊದಲ ದಿನವೇ ಯಾಕೆ ಹೇಳಲಿಲ್ಲ?”

“ಹೇಳೋಣ ಎಂದರೆ ನೀನು ನಿಂತದ್ದು ಯಾವಾಗ ಮಾರಾಯಾ?”

ಅವನ ಕಣ್ಣು ಅಪ್ಪನ ಕೋವಿಯ ಮೇಲಿತ್ತು. ಹೊಡಿ ಅಪ್ಪಾ, ಒಂದು ಸಲ ಹೊಡಿ ಎಂದು ಅವನ ಜೀವವೆಲ್ಲ ಕೂಗುತ್ತಿತ್ತು. ಮುದುಕ ಕೋವಿಯನ್ನು ಹೆಗಲಿಗೆ ಏರಿಸಲಿಲ್ಲ. ಅದನ್ನು ಹುಲ್ಲಿನ ಮೇಲೆ ಮಲಗಿಸಿದ. ಮೆಲ್ಲಗೆ ಹಿಂದಕ್ಕೆ ತಿರುಗಿ ಮೆಳೆಯ ಕಡೆ ಕಣ್ಣಾಡಿಸಿದ. ಮಗ ಕಣ್ಣಿಗೆ ಬಿದ್ದ. ಮುದುಕನ ಮುಖ ಅರಳಿತು. ಬಾ ಎಂದು ಕೈ ಬೀಸಿದ.

ಮಗ ಹೊರಟ. ಅವಳ ಮಾತು ಕಿವಿಯಲ್ಲಿತ್ತು, ಕಾಲಿಗೆ ಇಳಿದಿರಲಿಲ್ಲ. ಒಂದೇ ಸಮ ನಾಲ್ಕು ಹೆಜ್ಜೆ ಬಿದ್ದವು. ಕಡವೆ ತಲೆ ಎತ್ತಿ ಕೂಗಿತು. ಪೊದೆ ಅಲುಗಿತು. ಅಲ್ಲಿ ಹುಲ್ಲು ಮಾತ್ರ ಉಳಿಯಿತು.

ಮಗ ತಲೆಯ ಮೇಲೆ ಕೈ ಹೊತ್ತು ಕುಳಿತುಬಿಟ್ಟ. “ಕೈಗೆ ಸಿಕ್ಕಿತ್ತಲ್ಲಪ್ಪಾ! ಹೊಡೆಯಬಾರದಿತ್ತಾ? ಇದಕ್ಕಾಗಿ ತಾನೆ ಮೂರು ದಿನ ನನ್ನ ಪ್ರಾಣ ತಿಂದದ್ದು?”

“ಹೊಡೆದರೆ ಅದು ಬಿದ್ದಿರುತ್ತಿತ್ತು. ನಿಂತದ್ದು ನಿನಗೆ ಹೇಗೆ ಕಾಣುತ್ತಿತ್ತು?” ಎಂದ ಮುದುಕ. “ಅಂದು ನಾನೊಬ್ಬನೇ ನೋಡಿದ್ದು. ನಲವತ್ತು ವರ್ಷ ಹೇಳಿದೆ, ನೀನು ನಂಬಲಿಲ್ಲ. ಈಗ ಹೇಳು, ಎಷ್ಟು ಕವಲಿತ್ತು?”

ಮಗ ಪೊದೆಯ ಕಡೆ ನೋಡಿದ. ಎಣಿಸುವಷ್ಟು ಹೊತ್ತು ಅವನು ಅದನ್ನು ನೋಡಿರಲಿಲ್ಲ.

ಅವರು ಬೇಟೆಗಾರನ ಹೆಂಡತಿಗೆ ಒಂದು ಸೇರು ಉಪ್ಪು ಕೊಟ್ಟು ಊರಿಗೆ ಹೊರಟರು.

ಗುರುಗಳು ಕತೆ ಮುಗಿಸಿದರು.

ಹೊನ್ನಯ್ಯ ತಲೆದೂಗಿದ. “ತಿಳಿಯಿತು ಗುರುಗಳೇ, ತಿಳಿಯಿತು. ಅವಸರ ಕೂಡದು, ತಂದೆಯ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಅಷ್ಟೇ ತಾನೆ? ನಾಳೆಯಿಂದ ಹಾಗೆಯೇ ಮಾಡುತ್ತೇನೆ. ಇನ್ನು ಉಪದೇಶ ಶುರು ಮಾಡೋಣವೇ?”

ಗುರುಗಳು ಆಗಲೇ ಎದ್ದು ಬಾಗಿಲ ಕಡೆ ಹೊರಟಿದ್ದರು.

“ನಾನು ಮೂರನೆಯ ದಿನದ ಕತೆ ಹೇಳುವಾಗಲೇ ಮೆಟ್ಟಿಲ ಮೇಲಿನ ಕೋಲಿನ ಸದ್ದು ನಿಂತುಹೋಯಿತು, ಹೊನ್ನಯ್ಯ, ನಿನಗೆ ಕೇಳಿಸಿತೇ?”