ಬಿಸಿನೀರ ಕುಂಡದ ಬಿಳಿ ಗಂಟು

ಶಿರಾಳದ ದೇಸಾಯರ ಮನೆತನವೆಂದರೆ ಆ ಸೀಮೆಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಮುತ್ತಜ್ಜ ತೋಡಿಸಿದ ಬಾವಿ ಯಾವ ಬೇಸಿಗೆಯಲ್ಲೂ ಬತ್ತಿದ್ದಿಲ್ಲ. ಅಜ್ಜ ಹೆಣ್ಣುಮಕ್ಕಳಿಗೆಂದು ಶಾಲೆ ತೆರೆದರು. ತಂದೆ ಜಿಲ್ಲಾ ನ್ಯಾಯಾಧೀಶರು. ಅವರ ತೀರ್ಪನ್ನು ಸೋತವರೂ ತಲೆಬಾಗಿ ಒಪ್ಪಿಕೊಳ್ಳುತ್ತಿದ್ದರಂತೆ.

ಆ ಮನೆಯ ಮಗಳು ಸುಭದ್ರಾಬಾಯಿ. ಕೂದಲು ನರೆತ ಮೇಲೆ ಅವರಿಗೆ ಮಂತ್ರದೀಕ್ಷೆ ಪಡೆಯುವ ಹಂಬಲ ಹುಟ್ಟಿತು. ಗುರುಗಳ ಹಿಂದೆ ವರ್ಷಗಟ್ಟಲೆ ಅಲೆದರು. ಕೊನೆಗೆ ಗುರುಗಳು ಒಪ್ಪಿದರು.

“ಹಿಮಾಲಯದ ಕ್ಷೇತ್ರಕ್ಕೆ ಬಾ. ಅಲ್ಲಿನ ಕುಂಡದಲ್ಲಿ ಅನ್ನ ಬೇಯಿಸಿ ನೈವೇದ್ಯ ಮಾಡು. ಆಮೇಲೆ ದೀಕ್ಷೆ.”

ಆ ಕ್ಷೇತ್ರದಲ್ಲಿ ಗುಡಿಯ ಪಕ್ಕದಲ್ಲೇ ಕುದಿಯುವ ನೀರಿನ ಬುಗ್ಗೆಯಿದೆ. ಯಾತ್ರಿಕರು ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ದಾರದಿಂದ ಅದರೊಳಗೆ ಇಳಿಬಿಡುತ್ತಾರೆ. ಬೆಂದ ಅನ್ನವೇ ದೇವರಿಗೆ ನೈವೇದ್ಯ.

ಯಾತ್ರೆಯ ಬಸ್ಸಿಳಿದು ಊರು ಕಂಡಕೂಡಲೇ ಸುಭದ್ರಾಬಾಯಿಯವರಿಗೆ ಮೈಯೆಲ್ಲ ಉರಿಯಿತು. ಹೇಸರಗತ್ತೆಗಳ ಲದ್ದಿ, ಧ್ವನಿವರ್ಧಕದ ಅರಚಾಟ, ದೇವರಿಗೆ ಬೆನ್ನು ತಿರುಗಿಸಿ ಫೋಟೋ ತೆಗೆದುಕೊಳ್ಳುವ ಜನ.

“ಇದನ್ನ ಕ್ಷೇತ್ರ ಅಂತಾರೇನ್ರಿ ಗುರುಗಳೆ? ಒಬ್ಬರಿಗಾದರೂ ಸಾಲಿನಾಗ ನಿಲ್ಲೋದು ಗೊತ್ತದ ಏನು?”

“ನೀನು ನಿಲ್ಲು,” ಎಂದರು ಗುರುಗಳು.

ಸುಭದ್ರಾಬಾಯಿ ಮಿಂದು, ಮಡಿಯುಟ್ಟು, ಮನೆಯಿಂದ ತಂದ ಸಣ್ಣಕ್ಕಿಯನ್ನು ಬೆಳ್ಳನೆಯ ಹೊಸ ಬಟ್ಟೆಯಲ್ಲಿ ಕಟ್ಟಿದರು. ಬೇರೆಯವರ ಗಂಟು ತಾಗದಂತೆ ಕುಂಡದ ಸುತ್ತಲಿನ ಕಟಕಟೆಯ ತುದಿಗೆ ದಾರ ಬಿಗಿದು, ಗಂಟನ್ನು ಕುಂಡಕ್ಕೆ ಇಳಿಸಿದರು. ಗುಡಿಗೆ ಪ್ರದಕ್ಷಿಣೆ ಹಾಕಿ ಬಂದು ದಾರ ಎಳೆದರು.

ಮೇಲೆ ಬಂದದ್ದು ಕಾವಿಗಿಂತ ಕಂದಾದ, ತುಕ್ಕು ಹಿಡಿದಂಥ ಗಂಟು.

“ಛೀ! ಯಾರದಿದು ಕೊಳಕು ಅರಿವೆ?”

ಗಂಟನ್ನು ಹಾಗೆಯೇ ನೀರಿಗೆ ಬಿಟ್ಟು ಸುತ್ತಲೂ ನೋಡಿದರು. ಹಬೆಯ ಆಚೆ ಒಬ್ಬ ಹೆಂಗಸು ನಿಂತಿದ್ದಳು. ಅವಳ ಕೈಯಲ್ಲಿ ಬೆಳ್ಳನೆಯ ಗಂಟು.

“ಏ ಕಳ್ಳಿ! ಇಡು ಕೆಳಗ!”

ಹೆಂಗಸು ಬೆಚ್ಚಿದಳು. ಅವಳು ಚಂದವ್ವ, ವಿಜಯಪುರದ ಕಡೆಯಿಂದ ಇನ್ನೊಂದು ಬಸ್ಸಿನಲ್ಲಿ ಬಂದವಳು.

“ಯವ್ವಾ, ಇದು ನಂದ್ರಿ. ಈಗಷ್ಟ ಬಿಡಾಕ ಬಂದೀನ್ರಿ. ಹೆರಿಗ್ಯಾಗ ಮಗಳು ಉಳದ್ಲು, ಅದರ ಹರಕಿ ಐತ್ರಿ.”

“ದೇವರ ಮುಂದ ನಿಂತು ಸುಳ್ಳು ಬ್ಯಾರೆ! ಕಣ್ಣಿಗೆ ಕಾಣಸ್ತದ ನನಗ.”

ಸುಭದ್ರಾಬಾಯಿ ಗಂಟನ್ನು ಕಿತ್ತುಕೊಂಡರು. ಕಿತ್ತ ರಭಸಕ್ಕೆ ಅದು ಬಿಚ್ಚಿತು. ನೆಲಕ್ಕೆ ಸುರಿದದ್ದು ಅನ್ನವಲ್ಲ. ಹಸಿ ಅಕ್ಕಿ, ದಪ್ಪ, ಕೆಂಪು.

ಎರಡೂ ಬಸ್ಸಿನ ಜನ ನಿಂತು ನೋಡುತ್ತಿದ್ದರು. ಹಿಂದಿನಿಂದ ತಳ್ಳಾಡುತ್ತಿದ್ದವರು ಅಕ್ಕಿಯ ಮೇಲೆಯೇ ಕಾಲಿಟ್ಟು ನಡೆದರು.

ಗುರುಗಳು ಕಟಕಟೆಯ ತುದಿಗೆ ಹೋಗಿ ಆ ಕಂದು ಗಂಟನ್ನು ಮೇಲೆಳೆದು, ಶಿಷ್ಯೆಯ ಎದುರಿಗೇ ಬಿಚ್ಚಿದರು. ಒಳಗೆ ಸಣ್ಣಕ್ಕಿಯ ಅನ್ನ, ಮಲ್ಲಿಗೆಯಂತೆ ಅರಳಿತ್ತು.

“ಈ ನೀರಲ್ಲಿ ಕಬ್ಬಿಣದ ಅಂಶ ಇದೆ. ಇಳಿದ ಬಟ್ಟೆ ಯಾವುದೂ ಬೆಳ್ಳಗೆ ಮೇಲೆ ಬರುವುದಿಲ್ಲ.”

ಆಮೇಲೆ ಅವರು ಕೆಸರಿನಲ್ಲಿ ಕುಳಿತು, ಜನರ ಕಾಲುಗಳ ನಡುವೆ ಕೈ ಚಾಚಿ ಕೆಂಪಕ್ಕಿಯನ್ನು ಆರಿಸತೊಡಗಿದರು.

“ಗುರುಗಳೆ, ಏಳ್ರಿ! ಏನಿದು? ಎಲ್ಲಾರೂ ನೋಡ್ಲಿಕ್ಕೆ ಹತ್ಯಾರ.”

ಗುರುಗಳು ಏಳಲಿಲ್ಲ. ಸಿಕ್ಕಷ್ಟನ್ನು ಶಾಲಿನ ಸೆರಗಿನಲ್ಲಿ ತುಂಬಿ ಚಂದವ್ವನ ಮುಂದೆ ಹಿಡಿದರು.

“ಬ್ಯಾಡ್ರಿ ಅಜ್ಜಾರ. ಕಾಲಾಗ ಬಿದ್ದದ್ದು ದೇವರಿಗೆ ಹೆಂಗ ಕೊಡ್ಲಿ?” ಕಣ್ಣೊರೆಸಿಕೊಂಡಳು. “ಕಳ್ಳಿ ಅನ್ನಿಸ್ಕೊಂಡು ಗುಡಿಯೊಳಗ ಹೆಂಗ ಹೋಗ್ಲಿ?”

ಅವಳು ಒಳಗೆ ಹೋಗದೆಯೇ ಬಸ್ಸಿನ ಕಡೆಗೆ ಇಳಿದುಬಿಟ್ಟಳು.

ಸುಭದ್ರಾಬಾಯಿ ಕೈಕಟ್ಟಿ ಕೂರುವವರಲ್ಲ. ಮಂಜು ಕರಗಿ ಹರಿಯುವ ನದಿಯಲ್ಲಿ ಮುಳುಗಿ ಎದ್ದರು. ಒದ್ದೆ ಸೀರೆಯಲ್ಲೇ ಗುಡಿಯ ಸುತ್ತ ಉರುಳಿದರು. ಮೊಣಕೈ ತರಚಿ ರಕ್ತ ಬಂತು. ಬಾಗಿಲ ಮುಂದೆ ಉದ್ದಂಡ ಬಿದ್ದು ಅತ್ತರು. ನಿಜವಾಗಿಯೇ ಅತ್ತರು.

ನಡುಗುತ್ತಲೇ ಗುರುಗಳ ಬಳಿ ಬಂದರು.

“ಪ್ರಾಯಶ್ಚಿತ್ತ ಮುಗೀತು. ದೇವರಲ್ಲಿ ಕ್ಷಮೆ ಕೇಳೀನಿ. ಈಗ ದೀಕ್ಷೆ ಕೊಡ್ರಿ.”

“ದೇವರನ್ನ ಕಳ್ಳ ಅಂದಿದ್ದೆಯಾ?”

“ಇಲ್ಲ.”

“ದೇವರ ಅಕ್ಕಿ ಚೆಲ್ಲಿದೆಯಾ?”

“ಇಲ್ರಿ. ಆದರ ಆ ಹೆಣ್ಮಗಳಿಗೆ ಒಂದು ಚೀಲ ಸಣ್ಣಕ್ಕಿ ಕೊಡಿಸ್ತೀನಿ.”

“ಅವಳು ಅಕ್ಕಿ ಬೇಡಲಿಕ್ಕೆ ಬಂದಿರಲಿಲ್ಲ.”

“ಹಂಗಾರ ಯಾರ ಕೈಲಾದರೂ ಹೇಳಿ ಕಳಸ್ತೀನಿ, ಬಟ್ಟಿ ಗುರುತು ಸಿಗಲಿಲ್ಲ ಅಂತ.”

“ಕಳ್ಳಿ ಅನ್ನೋದನ್ನ ಯಾರ ಕೈಲಿ ಹೇಳಿ ಕಳಿಸಿದ್ದೆ?”

ಸುಭದ್ರಾಬಾಯಿಯವರ ಮುಖ ಕೆಂಪಗಾಯಿತು. ಬೆನ್ನು ತಾನಾಗಿಯೇ ನೆಟ್ಟಗಾಯಿತು.

“ಗುರುಗಳೆ, ನಾ ದೇಸಾಯರ ಮಗಳು. ಬಸ್ಸಿನಾಗಿನ ಅಷ್ಟು ಮಂದಿ ಎದುರಿಗೆ, ಆಕಿ ಮುಂದ ನಿಂತು... ನನ್ನ ಕಡಿಂದ ಆಗೂದಿಲ್ಲ. ಬೇಕಾದರ ಇನ್ನೊಮ್ಮೆ ಉರುಳ್ತೀನಿ. ಉಪವಾಸ ಇರ್ತೀನಿ. ಏನು ಹೇಳಿದರೂ ಮಾಡ್ತೀನಿ.”

ಗುರುಗಳು ಎದ್ದು ನಿಂತರು. ಅವರು ದನಿ ಎತ್ತಿದ್ದನ್ನು ಶಿಷ್ಯೆ ಅಲ್ಲಿಯವರೆಗೆ ಕೇಳಿರಲಿಲ್ಲ.

“ಕಲ್ಲಿನ ಮುಂದೆ ಎಷ್ಟು ಸಲ ಬೇಕಾದರೂ ಬೀಳುತ್ತೀಯ, ಅದು ತಿರುಗಿ ನಿನ್ನ ಮುಖ ನೋಡುವುದಿಲ್ಲ ಅಂತ! ನೀನು ಬೈದದ್ದು ಅವಳನ್ನ. ಹರಕೆ ತಪ್ಪಿದ್ದು ಅವಳದ್ದು. ದೇವರನ್ನ ನಡುವೆ ಎಳೆಯಬೇಡ.”

ಕೆಳಗೆ ಚಂದವ್ವನ ಬಸ್ಸು ಹೊರಡಲು ಹಾರ್ನ್ ಹಾಕಿತು.

“ದೀಕ್ಷೆ...” ಎಂದರು ಸುಭದ್ರಾಬಾಯಿ, ಸಣ್ಣ ದನಿಯಲ್ಲಿ.

“ಹೋಗು. ಯಾರೆದುರು ಕಳ್ಳಿ ಅಂದೆಯೋ ಅವರೆಲ್ಲರ ಎದುರು, ಅವಳ ಹೆಸರು ಕೇಳಿ ತಿಳಿದು, ಆ ಹೆಸರು ಹಿಡಿದು, ಕ್ಷಮೆ ಕೇಳು.”