ದಳಪತಿಯ ಬಾಗಿಲು ಕಾದವನು

"ಬುದ್ಧೀ, ಒಬ್ಬ ಮನುಷ್ಯನನ್ನು ಎಷ್ಟು ಸಲ ಪರೀಕ್ಷಿಸಿದ ಮೇಲೆ ನಂಬಬಹುದು?"

ಕೇಳಿದವನು ಪಂಚಾಕ್ಷರಿ. ಮಠದ ಉಗ್ರಾಣದ ಬೀಗದಕೈ ಹೊಸದಾಗಿ ಅವನ ಸೊಂಟಕ್ಕೆ ಬಂದಿತ್ತು. ಅಡುಗೆಯ ಮಹಾರುದ್ರಯ್ಯನವರ ಮೇಲೆ ಅವನಿಗೆ ಅನುಮಾನ. ಬೇಕೆಂದೇ ಒಮ್ಮೆ ತುಪ್ಪದ ಗಡಿಗೆಯನ್ನು ಉಗ್ರಾಣದ ಹೊರಗೆ ಬಿಟ್ಟು ನೋಡಿದ್ದ. ಇನ್ನೊಮ್ಮೆ ಬೆಳ್ಳಿಯ ಬಟ್ಟಲನ್ನು ಒಲೆಯ ಪಕ್ಕ ಮರೆತವನಂತೆ ಇಟ್ಟಿದ್ದ. ಎರಡು ಸಲವೂ ಆ ಮುದುಕರು ಅವನ್ನು ತಂದುಕೊಟ್ಟು, "ಜೋಪಾನ ಮರಿ" ಎಂದು ಹೇಳಿ ಹೋಗಿದ್ದರು. ಅದರಿಂದ ಅವನ ಅನುಮಾನ ಇನ್ನಷ್ಟು ಬಲಿತಿತ್ತು.

ಸ್ವಾಮಿಗಳು ನಕ್ಕರು. "ಅಬ್ಬಾ, ಬೀಗದಕೈ ಬಂದದ್ದೇ ತಡ, ಕಣ್ಣು ಎಷ್ಟು ಚುರುಕಾಯಿತು! ಕೂತುಕೋ" ಎಂದು ಕತೆ ತೆಗೆದರು.

ಬೊಹೀಮಿಯಾ ಎಂಬ ಚಳಿಯ ಸೀಮೆಯಲ್ಲಿ ಒಬ್ಬ ದಳಪತಿ ಇದ್ದ. ಅದು ಎಲ್ಲಿದೆ ಎಂದು ಕೇಳಬೇಡ, ನನಗೂ ದಾರಿ ಗೊತ್ತಿಲ್ಲ. ಮುನ್ನೂರು ನಾನೂರು ವರ್ಷದ ಹಿಂದಿನ ಮಾತು. ಒಂದೇ ದೇವರನ್ನು ಎರಡು ಬಗೆಯಲ್ಲಿ ಪೂಜಿಸುವವರು ಅಲ್ಲಿ ಒಬ್ಬರನ್ನೊಬ್ಬರು ಕಡಿದು ಹಾಕುತ್ತಿದ್ದರು. ದಳಪತಿ ಚಕ್ರವರ್ತಿಯ ಪರವಾಗಿ ಕಾದಿದ, ಗೆದ್ದ. ಗೆದ್ದು ಗೆದ್ದು ಎಷ್ಟು ಬೆಳೆದನೆಂದರೆ ಚಕ್ರವರ್ತಿಗೇ ಅವನನ್ನು ಕಂಡರೆ ಭಯ ಹುಟ್ಟಿತು. ಅವನನ್ನು ಕೆಲಸದಿಂದ ಕಿತ್ತುಹಾಕಿದ. ಶತ್ರು ಮತ್ತೆ ಬಾಗಿಲಿಗೆ ಬಂದಾಗ ಕೈಮುಗಿದು ಕರೆಸಿಕೊಂಡ. ದಳಪತಿ ಬಂದ. ಆದರೆ ಯಾರನ್ನೂ ನಂಬುವ ಮನಸ್ಸು ಅವನ ಜೊತೆ ಬರಲಿಲ್ಲ.

ಅವನ ಮಲಗುವ ಕೋಣೆಯ ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದ. ಹಳೆಯ ಸಿಪಾಯಿ. ಹಿಂದೆ ಒಂದು ಕಾಳಗದಲ್ಲಿ ದಳಪತಿ ಸತ್ತ ಕುದುರೆಯ ಅಡಿಯಲ್ಲಿ ಸಿಕ್ಕಿಕೊಂಡಾಗ, ಗುಂಡು ಹಾರುತ್ತಿದ್ದರೂ ಲೆಕ್ಕಿಸದೆ ಎಳೆದು ತಂದವನು ಇವನೇ. ಇವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಇದ್ದದ್ದು ಆ ಬಾಗಿಲು, ಆ ಒಡೆಯ. ಅಷ್ಟೇ ಸಾಕು ಎಂದುಕೊಂಡಿದ್ದ.

ಒಂದು ದಿನ ವ್ಯಾಪಾರಿಯ ವೇಷದವನೊಬ್ಬ ಬಂದು ಇವನ ಕಿವಿಯಲ್ಲಿ ಹೇಳಿದ: "ನಾನು ಚಕ್ರವರ್ತಿಯ ಕಡೆಯವನು. ನೀನು ಏನೂ ಮಾಡಬೇಕಿಲ್ಲ. ಒಂದು ದಿನ ಈ ಬಾಗಿಲ ಅಗುಳಿ ಹಾಕುವುದನ್ನು ಮರೆತರೆ ಸಾಕು."

ಕಾವಲುಗಾರ ಅವನ ಕುತ್ತಿಗೆ ಹಿಡಿದು ದರದರ ಎಳೆದೊಯ್ದು ಒಡೆಯನ ಕಾಲ ಬಳಿ ಕೆಡವಿದ. ದಳಪತಿ ನಕ್ಕುಬಿಟ್ಟ. "ಬಿಡು ಬಿಡು, ನಾನೇ ಕಳಿಸಿದ್ದೆ."

ಕಾವಲುಗಾರ ಹಿಡಿದ ಕೈ ಬಿಟ್ಟು ಕೇಳಿದ: "ಒಡೆಯಾ, ನಾನು ಏನು ತಪ್ಪು ಮಾಡಿದೆ?"

"ಇನ್ನೂ ಮಾಡಿಲ್ಲ" ಎಂದ ದಳಪತಿ.

ಅಲ್ಲಿಗಾದರೂ ಅವನಿಗೆ ಸಮಾಧಾನವಾಯಿತೇ? ಎಲ್ಲಿಯ ಮಾತು! ಇಷ್ಟು ಬೇಗ ಹಿಡಿದುಕೊಟ್ಟನಲ್ಲ, ಇದು ಪರೀಕ್ಷೆ ಎಂದು ಇವನಿಗೆ ಮೊದಲೇ ಸುಳಿವು ಸಿಕ್ಕಿತ್ತೋ ಏನೋ ಎಂದು ಯೋಚಿಸತೊಡಗಿದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಸ್ವಲ್ಪ ದಿನದ ಮೇಲೆ ಜೊತೆಯ ಸಿಪಾಯಿಯೊಬ್ಬ ಊಟಕ್ಕೆ ಕೂತಾಗ ದಳಪತಿಯನ್ನು ಬಾಯಿಗೆ ಬಂದಂತೆ ಬೈದು, "ಇವನನ್ನು ಮುಗಿಸಿದರೆ ನಾಡಿಗೇ ಒಳ್ಳೆಯದು" ಎಂದ. ಕಾವಲುಗಾರನ ಕೈ ತಡೆಯಲಿಲ್ಲ. ಗುದ್ದಿದ ರಭಸಕ್ಕೆ ಸಿಪಾಯಿಯ ಹಲ್ಲು ಉದುರಿತು. ಅವನೂ ದಳಪತಿ ಕಳಿಸಿದವನೇ. ನನ್ನವನ ಹಲ್ಲು ಮುರಿದೆಯಲ್ಲ ಎಂದು ಒಡೆಯನಿಂದ ಬೈಗುಳ ಬಿತ್ತು. ಇಡೀ ಪಾಳೆಯ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಆಮೇಲೆ ಒಬ್ಬ ಪಾದ್ರಿ ಬಂದ. ಒಬ್ಬ ಗಾಯಾಳು ಬಂದ. ಬಂದವರೆಲ್ಲ ದಳಪತಿಯವರೇ. ದಳಪತಿಯನ್ನು ಬೈಯುವವನು ದಳಪತಿಯ ಕಡೆಯವನೇ ಎಂದು ದಂಡೆಲ್ಲ ಮಾತಾಡಿಕೊಂಡಿತು. ಯಾರು ಏನು ಅಂದರೂ ಹೋಗಿ ಒಡೆಯನಿಗೆ ಹೇಳುವುದನ್ನು ಎಲ್ಲರೂ ಬಿಟ್ಟರು. ಕಾವಲುಗಾರನೂ ಮೊದಲಿನಂತೆ ಉಳಿಯಲಿಲ್ಲ. ಯಾರಾದರೂ ರೊಟ್ಟಿ ಮುರಿದು ಕೊಟ್ಟರೆ ಹಿಂದೆಮುಂದೆ ತಿರುಗಿಸಿ ನೋಡುತ್ತಿದ್ದ. "ಚೆನ್ನಾಗಿದ್ದೀಯಾ?" ಎಂದರೆ, ಇದನ್ನು ಯಾರು ಕೇಳಿಸಿದರು ಎಂದು ಯೋಚಿಸುತ್ತಿದ್ದ. ಒಬ್ಬನೇ ಉಣ್ಣುತ್ತಿದ್ದ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಕೊನೆಗೆ ಚಕ್ರವರ್ತಿ ದಳಪತಿಯನ್ನು ಕೊಲ್ಲಿರೆಂದು ನಿಜವಾಗಿಯೇ ಅಪ್ಪಣೆ ಕೊಟ್ಟ. ಸುದ್ದಿ ಕೇಳಿ ದಂಡು ಕರಗಿತು. ಕೀಲುನೋವಿನಿಂದ ನಡೆಯಲಾಗದ ದಳಪತಿ ಪಲ್ಲಕ್ಕಿಯಲ್ಲಿ ಮಲಗಿ ಗಡಿಯ ಕೋಟೆಯೊಂದನ್ನು ಸೇರಿದ. ಈ ಸುದ್ದಿಯನ್ನೂ ಒಡೆಯನೇ ಹಬ್ಬಿಸಿರಬೇಕು ಎಂದುಕೊಂಡೇ ಕಾವಲುಗಾರ ಜೊತೆಗೇ ಹೋದ. ಅಲ್ಲಿಯೂ ಬಾಗಿಲಲ್ಲಿ ನಿಂತ.

ಸಂಜೆ ಮೂವರು ಸರದಾರರು ಕತ್ತಿ ಹಿರಿದುಕೊಂಡು ಮೆಟ್ಟಿಲು ಹತ್ತಿ ಬಂದರು. "ಸರಿದು ನಿಲ್ಲು. ನಿನ್ನ ಒಡೆಯನನ್ನು ಕೊಲ್ಲಲು ಬಂದಿದ್ದೇವೆ" ಎಂದರು.

ಕಾವಲುಗಾರನ ಕೈ ಕತ್ತಿಯ ಹಿಡಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಕಡಿದರೆ ನನ್ನವರನ್ನು ಕೊಂದೆ ಎನ್ನುತ್ತಾನೆ, ಹಿಡಿದುಕೊಟ್ಟರೆ ನಗುತ್ತಾನೆ ಎಂದುಕೊಂಡ. ಹಾಸಿಗೆ ಹಿಡಿದರೂ ಈ ಮನುಷ್ಯನಿಗೆ ಇದೇ ಆಟವೇ ಎಂದು ಅವನಿಗೆ ರೋಸಿಹೋಯಿತು.

"ಹೋಗಿ. ಈ ಸಲ ನಾನು ಕುಣಿಯಲಿಲ್ಲವೆಂದು ಅವನಿಗೆ ಹೇಳಿ" ಎಂದು ಪಕ್ಕಕ್ಕೆ ಸರಿದ.

ಒಳಗಿನಿಂದ ಒಡೆಯ ಇವನ ಹೆಸರು ಹಿಡಿದು ಕೂಗಿದ. ಆ ಕೂಗನ್ನೂ ಇವನು ನಿಂತು ಕೇಳಿದ, ನಟನೆ ಇರಬಹುದೇ ಎಂದು. ನಿಜವೆಂದು ತಿಳಿದು ಒಳಗೆ ನುಗ್ಗುವ ಹೊತ್ತಿಗೆ ಸರದಾರರು ಕತ್ತಿ ಒರೆಸಿಕೊಳ್ಳುತ್ತಿದ್ದರು. ಅಯ್ಯೋ ಅಯ್ಯೋ ಎಂದು ಅಳುತ್ತಾ ಒಡೆಯನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ. ದಳಪತಿಯಲ್ಲಿ ಇನ್ನೂ ಉಸಿರಿತ್ತು. ಇವನ ಮುಖವನ್ನೇ ನೋಡಿ, "ನನಗೆ ಗೊತ್ತಿತ್ತು, ನೀನೇ ಎಂದು" ಎಂದು ಹೇಳಿ ಕಣ್ಣು ಮುಚ್ಚಿದ.

ಸ್ವಾಮಿಗಳು ಕತೆ ನಿಲ್ಲಿಸಿದರು. ಪಂಚಾಕ್ಷರಿಯ ಮುಖ ಅರಳಿತು. "ನೋಡಿದಿರಾ ಬುದ್ಧೀ! ಕೊನೆಗೂ ಆ ಕಾವಲುಗಾರ ಬಾಗಿಲು ಬಿಟ್ಟನಲ್ಲ. ದಳಪತಿಯ ಅನುಮಾನ ನಿಜವೇ ಆಯಿತಲ್ಲ!"

"ಹೌದು ಮರಿ, ಅದು ನಿಜವಾಗುವ ತನಕ ಅವನು ಬಿಡಲಿಲ್ಲ" ಎಂದರು ಸ್ವಾಮಿಗಳು.