ಆಯ್ತು ಭಾವ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಮಹಾಲಯ ಅಮಾವಾಸ್ಯೆಯ ದಿನ. ಏಳನೇ ಕ್ಲಾಸು ಅರ್ಧಕ್ಕೆ ನಿಂತಿತ್ತು. ಅಮಾಸೆ ದಿನ ಹೊಸ ದಾರಿ ಹಿಡಿಯಬಾರದು ಅಂತ ಊರಲ್ಲಿ ಯಾರೂ ಬಸ್ಸು ಹತ್ತಿರಲಿಲ್ಲ. ನನಗೆ ಸಲೀಸಾಗಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಆವತ್ತಿನಿಂದ ಯಾವ ಊರಲ್ಲೂ ಬಹಳ ದಿನ ನಿಂತವನಲ್ಲ. ಹೋದ ಕಡೆ ಕೈಗೆ ಸಿಕ್ಕ ಕೆಲಸ, ಕೆಲಸ ಕೊಟ್ಟವರ ಮನೆಯ ಊಟ. ಹಾಗೆ ತಿರುಗುವಾಗ ಚಳ್ಳಕೆರೆಯ ಒಂದು ಮನೆಯ ಅಂಗಳದಲ್ಲಿ ಕಂಡದ್ದನ್ನು ಹೇಳುತ್ತೇನೆ. ಸಣ್ಣ ಸಂಗತಿ. ಆದರೂ ಈಗಲೂ ಮರೆತಿಲ್ಲ.

ಆ ಮನೆಯ ಯಜಮಾನ ಓಬಳೇಶ. ಅವನ ಹತ್ತಿರ ಒಂದು ಹಳೇ ಕಾರಿತ್ತು. ಬೀದಿಯ ಮಕ್ಕಳನ್ನು ಅದರಲ್ಲಿ ಕೂರಿಸಿಕೊಂಡು ಬೆಳಿಗ್ಗೆ ಶಾಲೆಗೆ ಬಿಡುವುದು, ಸಂಜೆ ಕರೆತರುವುದು ಅವನ ಕೆಲಸ. ಹೆಂಡತಿ ಗಂಗಮ್ಮ. ಗಂಗಮ್ಮನ ತಮ್ಮ ಪಾಲಾಕ್ಷಿಯೂ ಅಲ್ಲೇ ಇದ್ದ. ಮೀಸೆ ಬಲಿತ ಗಂಡಸು, ಎತ್ತಿನಂಥ ಮೈ. ಆದರೆ ಭಾವನ ಎದುರು ತಲೆ ಎತ್ತುತ್ತಿರಲಿಲ್ಲ. ಭಾವ ಏನೇ ಹೇಳಲಿ, ಅವನ ಉತ್ತರ ಒಂದೇ: "ಆಯ್ತು ಭಾವ."

"ಮಳೆ ಬರಂಗೈತೇನೋ ಅಂದ್ರೂ ಆಯ್ತು ಭಾವ ಅಂತಾನೆ," ಎಂದು ಗಂಗಮ್ಮ ನಗುತ್ತಿದ್ದಳು. "ನನ್ನ ತಮ್ಮನ ಬಾಯಾಗೆ ಇಲ್ಲ ಅನ್ನೋ ಮಾತು ದೇವರು ಇಟ್ಟೇ ಇಲ್ಲ."

ಓಬಳೇಶನಿಗೆ ಅದೇ ಹೆಮ್ಮೆ. "ಭಾಮೈದ ಅಂದ್ರೆ ಹಿಂಗಿರಬೇಕು. ನಿಮ್ಮ ಮನೇಲಿ ಎದುರು ಮಾತಾಡೋ ಗುಣಾನೆಲ್ಲ ನಿನಗೊಬ್ಬಳಿಗೇ ಕೊಟ್ಟವ್ರೆ."

ಒಂದು ವಾರ ಕಾರಿನಲ್ಲಿ ಸದ್ದು ಶುರುವಾಯಿತು. ತಿರುವಿನಲ್ಲಿ ಸ್ಟೇರಿಂಗು ತಿರುಗಿಸಿದರೆ ಮುಂದಿನ ಗಾಲಿಯೊಳಗೆ ಕಟಕಟ ಕಟಕಟ. "ಅಂಕಲ್, ನಿಮ್ಮ ಕಾರು ಚಕ್ಲಿ ತಿಂತಾ ಐತೆ," ಅಂತ ಮಕ್ಕಳು ನಕ್ಕವು. ಓಬಳೇಶ ನಗಲಿಲ್ಲ. ಬಗ್ಗಿ ನೋಡಿದರೆ ಆಕ್ಸೆಲ್ಲಿನ ತುದಿಯ ರಬ್ಬರು ಹರಿದಿತ್ತು, ಗ್ರೀಸು ಗಾಲಿಯ ಸುತ್ತ ಸಿಡಿದಿತ್ತು. ಆಕ್ಸೆಲ್ ಅಂದರೆ ಇಂಜಿನ್ನಿನ ಬಲವನ್ನು ಗಾಲಿಗೆ ಮುಟ್ಟಿಸುವ ಕಬ್ಬಿಣದ ದಂಡ. ಎಡಕ್ಕೊಂದು, ಬಲಕ್ಕೊಂದು. ಎರಡೂ ಸವೆದಿದ್ದವು.

ಅವತ್ತು ಊಟಕ್ಕೆ ಕೂತವನು ತಟ್ಟೆ ಪಕ್ಕಕ್ಕೆ ಸರಿಸಿದ. "ಹೆದ್ದಾರಿ ದಾಟುವಾಗ ಮುರಿದರೆ ಏನ್ ಮಾಡ್ಲಿ? ಹಿಂದಿನಿಂದ ಲಾರಿ ಬರ್ತಾ ಇರ್ತೈತೆ. ಒಳಗೆ ಮಕ್ಕಳಿರ್ತವೆ."

ಊರಿನ ಗ್ಯಾರೇಜಿನವರೆಲ್ಲ ಅವರವರಲ್ಲೇ ಒಂದು ಮದುವೆ ಅಂತ ಬಾಗಿಲು ಹಾಕಿ ಹೋಗಿದ್ದರು. ಓಬಳೇಶ ಹರೆಯದಲ್ಲಿ ಲಾರಿ ಶೆಡ್ಡಿನಲ್ಲಿ ಕೈ ಕಪ್ಪು ಮಾಡಿಕೊಂಡವನು. ಎರಡು ಹೊಸ ಆಕ್ಸೆಲ್ ತಂದ. ಭಾನುವಾರ ಅಂಗಳದಲ್ಲೇ ಬಿಚ್ಚೋಣ ಎಂದ. ಆಗ ನಾನು ಅವರ ಜಗಲಿಯಲ್ಲಿ ಮಲಗುತ್ತಿದ್ದೆ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಎಡಗಡೆ. ಜಾಕು ಕೊಟ್ಟು ಕಾರನ್ನು ಎತ್ತಿದರು. ಜಾಕನ್ನು ನಂಬಬಾರದು ಅಂತ ಪಕ್ಕದಲ್ಲೇ ಜಾಲಿ ಮರದ ದಪ್ಪ ದಿಮ್ಮಿಯೊಂದನ್ನು ಆಸರೆಗೆ ಕೊಟ್ಟರು. ಆಮೇಲೆ ಓಬಳೇಶ ಕೆಳಗೆ ಹೋದ. ಹಳೇ ಆಕ್ಸೆಲ್ಲಿನ ಒಳತುದಿ ಗೇರ್ ಬಾಕ್ಸಿಗೆ ಕಚ್ಚಿಕೊಂಡಿರುತ್ತದೆ. ಸಂದಿಗೆ ಉದ್ದನೆಯ ರಾಡು ಕೊಟ್ಟು ಮೈಯ ಭಾರವೆಲ್ಲ ಹಾಕಿ ಮೀಟಬೇಕು. ಮೀಟಿದಾಗ ಇಡೀ ಕಾರು ಓಲಾಡುತ್ತದೆ. ಹಾಗೆ ಓಲಾಡುವುದನ್ನು ನೋಡುವುದೇ ನನಗೆ ಆಗುತ್ತಿರಲಿಲ್ಲ. ಮುಖ ತಿರುಗಿಸಿ ನಟ್ಟು ತೊಳೆಯುತ್ತಿದ್ದೆ. ಕಡೆಗೂ ಹಳೆಯದು ಕಳಚಿತು, ಹೊಸದು ಟಕ್ ಅಂತ ಕೂತಿತು. ಎಲ್ಲರೂ ಉಸಿರು ಬಿಟ್ಟೆವು.

ಭಯ ಎದ್ದು ಹೋದ ಜಾಗದಲ್ಲಿ ಅವಸರ ಬಂದು ಕೂತಿತು.

ಬಲಗಡೆ ಬಚ್ಚಲ ನೀರು ಹರಿಯುವ ಕಡೆ. ನೆಲ ನೋಡಲು ಒಣಗಿತ್ತು, ಒಳಗೆ ಮೆತ್ತಗಿತ್ತು. ಜಾಕು ಏರಿತು, ಗಾಲಿ ಬಿಚ್ಚಿ ಗೋಡೆಗೆ ಒರಗಿಸಿದರು. ಓಬಳೇಶ ಗೋಣಿಚೀಲ ಹಾಸಿಕೊಂಡು ಮಲಗಿ, ಕೆಳಗೆ ಜರುಗುತ್ತ ಕೇಳಿದ: "ದಿಮ್ಮಿ?"

"ಆಯ್ತು ಭಾವ," ಅಂದ ಪಾಲಾಕ್ಷಿ.

ನಮ್ಮ ಭಾಷೆಯಲ್ಲಿ ಈ ಮಾತಿಗೆ ಎರಡು ಮುಖ. ಮಾಡಿ ಮುಗಿಸಿದವನೂ ಆಯ್ತು ಅನ್ನುತ್ತಾನೆ. ಇನ್ನು ಮೇಲೆ ಮಾಡುತ್ತೇನೆ ಅಂತ ಒಪ್ಪಿಕೊಂಡವನೂ ಆಯ್ತು ಅನ್ನುತ್ತಾನೆ. ದಿಮ್ಮಿ ಇಟ್ಟೆಯಾ ಅಂತ ಭಾವ ಕೇಳಿದ್ದ. ದಿಮ್ಮಿ ತಂದಿಡು ಅಂತ ಭಾಮೈದನಿಗೆ ಕೇಳಿಸಿತು. ಇಟ್ಟಾಯ್ತು ಅಂತ ಭಾವ ತಿಳಿದ. ಇಡ್ತೀನಿ ಅಂತ ಭಾಮೈದ ಹೇಳಿದ್ದ.

ಪಾಲಾಕ್ಷಿ ಹಿತ್ತಲ ಕಡೆ ಹೆಜ್ಜೆ ಇಟ್ಟಿದ್ದ. ಅಷ್ಟರಲ್ಲಿ ಕೆಳಗಿನಿಂದ ಕೂಗು ಬಂತು: "ಆ ದೊಡ್ಡ ಪಾನಾ ಕೊಡೋ ಇಲ್ಲಿ."

"ಆಯ್ತು ಭಾವ."

ಅವನು ನಟ್ಟು ಬಿಚ್ಚುವ ಆ ಪಾನಾ ಹುಡುಕಲು ತಿರುಗಿದ. ಭಾವನ ಎರಡನೇ ಮಾತಿನಲ್ಲಿ ಮೊದಲನೆಯದು ಮುಳುಗಿಹೋಯಿತು. ನನ್ನ ಕಿವಿಗೂ ಆಯ್ತು ಅನ್ನುವುದು ಬಿದ್ದಿತ್ತು. ನಾನೂ ತಲೆ ಎತ್ತಲಿಲ್ಲ.

ದಿಮ್ಮಿ ಎಲ್ಲಿತ್ತು ಗೊತ್ತೇ? ಎಡಗಡೆ ಕೆಲಸ ಮುಗಿದ ಕೂಡಲೇ ಗಂಗಮ್ಮ ಅದನ್ನು ಹಿತ್ತಲಿಗೆ ಉರುಳಿಸಿಕೊಂಡು ಹೋಗಿದ್ದಳು. ಅದರ ಮೇಲೆ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಅಂಗಳದಿಂದ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು ಬಂತು. ಠಣ್. ಗಂಡ ಮೀಟಲು ಶುರು ಮಾಡಿದ ಅಂದುಕೊಂಡಳು. ಇನ್ನೊಂದು ತೊಟ್ಟು ಮುರಿದಳು. ಆಮೇಲೆ ತಾನು ಕೂತಿರುವುದು ಯಾವುದರ ಮೇಲೆ ಅನ್ನುವುದು ಅವಳಿಗೆ ಹೊಳೆಯಿತು. ಇದನ್ನೆಲ್ಲ ಅವಳೇ ಆಮೇಲೆ ಹೇಳಿದಳು.

ಅವಳು ಓಡಿಬರಲಿಲ್ಲ. ಮನೆಯ ಮೂಲೆ ಬಳಸಿ ಬಂದು ನಿಂತಳು, ಮುಷ್ಟಿಯಲ್ಲಿ ಮೆಣಸಿನಕಾಯಿ ಹಾಗೇ ಇತ್ತು. ಕಾರಿನ ಕೆಳಗೆ ಕಣ್ಣು ಹಾಯಿಸಿದಳು. ಅವಳ ಕಣ್ಣು ಹೋದ ಕಡೆ ನಾನೂ ನೋಡಿದೆ. ದಿಮ್ಮಿ ಇರಲಿಲ್ಲ. ಜಾಕಿನ ಪಾದ ಮಣ್ಣಿಗೆ ಇಳಿದಿತ್ತು, ಜಾಕು ತುಸು ವಾಲಿತ್ತು. ಓಬಳೇಶನ ಎದೆಯ ನೇರ ಮೇಲ್ಗಡೆ ಇಡೀ ಕಾರು ಆ ಜಾಕೊಂದರ ಮೇಲೇ ನಿಂತಿತ್ತು.

ಕೂಗಿದ್ದರೆ ಅವನು ಬೆಚ್ಚಿಬಿದ್ದು ರಾಡನ್ನು ಎಳೆದುಬಿಡುತ್ತಿದ್ದ. ಗಂಗಮ್ಮನಿಗೆ ಅಷ್ಟು ಗೊತ್ತಿತ್ತು. ಚಾ ಕುಡಿಯಲು ಕರೆಯುವ ದನಿಯಲ್ಲೇ ಹೇಳಿದಳು: "ರೀ, ಆ ರಾಡು ಬಿಟ್ಟು ಮೆಲ್ಲಗೆ ಈಚೆ ಬರ್ರಿ."

"ಬಂದೆ ಇರು. ಇನ್ನೊಂದು ಎಳೆತ ಅಷ್ಟೇ."

"ಎಳೀಬೇಡ್ರಿ. ದಿಮ್ಮಿ ಇಟ್ಟಿಲ್ಲ."

"ಇಟ್ಟೈತೆ ಕಣೇ. ಆಗ್ಲೇ ಆಯ್ತು ಅಂದ. ನಿನಗೆ ಎಲ್ಲದಕ್ಕೂ ಹೆದರಿಕೆ." ರಾಡು ಮತ್ತೆ ಸಂದಿಗೆ ಕೂತ ಸದ್ದು ಕೇಳಿತು. "ಅಲ್ವೇನೋ ಪಾಲಾಕ್ಷಿ? ದಿಮ್ಮಿ ಇಟ್ಟಿದೀಯ ತಾನೇ?"

ಪಾಲಾಕ್ಷಿ ಪಾನಾ ಹಿಡಿದು ನಿಂತಿದ್ದ. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅಷ್ಟು ವರ್ಷ ಭಾವನ ಪ್ರಶ್ನೆಗೆ ಇದ್ದ ಉತ್ತರ ಅವನ ಬಾಯಿಗೆ ತಾನಾಗಿ ಬರುತ್ತಿತ್ತು. ಆಯ್ತು ಭಾವ ಅಂದು, ಹಿತ್ತಲಿಗೆ ಓಡಿ, ದಿಮ್ಮಿ ತಂದು ತುರುಕಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಭಾವನ ಮುಂದೆ ಮುಖ ಉಳಿಯುತ್ತದೆ. ಆದರೆ ಅವನು ಓಡಿ ಬರುವಷ್ಟರಲ್ಲಿ ಆ ಇನ್ನೊಂದು ಎಳೆತ ಆಗಿಹೋಗಿರುತ್ತದೆ. ಕಾರಿನಿಂದ ಹೊರಗೆ ಚಾಚಿದ್ದ ಓಬಳೇಶನ ಹಿಮ್ಮಡಿಗಳು ಬಲ ಹಾಕಲು ನೆಲಕ್ಕೆ ಒತ್ತಿಕೊಂಡದ್ದು ನಮಗೆ ಕಾಣುತ್ತಿತ್ತು.

"ಇಲ್ಲ ಭಾವ," ಅಂದ ಪಾಲಾಕ್ಷಿ.

ಹಿಮ್ಮಡಿಗಳು ಸಡಿಲಾದವು.

"ಇಟ್ಟಿಲ್ಲ ಭಾವ. ತರ್ತೀನಿ ಅಂತ ಆಯ್ತು ಅಂದೆ. ತರಲಿಲ್ಲ."

ಕೆಳಗಿನಿಂದ ರಾಡನ್ನು ನೆಲದ ಮೇಲೆ ಮಲಗಿಸಿದ ಸದ್ದು ಬಂತು, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವಷ್ಟು ಮೆಲ್ಲಗೆ. ಆಮೇಲೆ ಅವನು ಜರುಗತೊಡಗಿದ. ಮೊಣಕಾಲು ಬಂತು, ಹೊಟ್ಟೆ ಬಂತು. ಪಾಲಾಕ್ಷಿ ಗೋಣಿಚೀಲದ ಅಂಚು ಹಿಡಿದು ಉಸಿರು ಬಿಗಿಹಿಡಿದು ಎಳೆಯುತ್ತಿದ್ದ. ಎದೆ ಬಂತು. ಗದ್ದ ಬಂತು. ತಲೆ ಈಚೆ ಬರುವುದಕ್ಕೂ ಜಾಕು ಪಕ್ಕಕ್ಕೆ ಒರಗುವುದಕ್ಕೂ ಸರಿಹೋಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ದಣಿದ ಎಮ್ಮೆ ಕೂತಂತೆ ಕಾರು ಕೂತಿತು. ಗೋಣಿಚೀಲದ ಆ ತುದಿ ಅದರ ಕೆಳಗೇ ಉಳಿಯಿತು.

ಗಂಗಮ್ಮ ಮುಷ್ಟಿಯ ಮೆಣಸಿನಕಾಯಿ ಕೆಳಗೆ ಹಾಕಿ ನೆಲಕ್ಕೆ ಕೂತಳು.

"ಇನ್ನೂ ತಂದಿಲ್ಲ ಅಂತ ಆಗ್ಲೇ ಒಂದು ಮಾತು ಅನ್ನಬಾರದಿತ್ತೇನೋ?" ಅಂದ ಓಬಳೇಶ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಲು ಬೇಕಾದ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ.

"ನಿಮ್ಮ ಮುಂದೆ ಇಲ್ಲ ಅಂತ ಹೆಂಗನ್ನಲಿ ಭಾವ?"

ಓಬಳೇಶ ಗೋಣಿಚೀಲದ ಕಡೆ ನೋಡಿದ. "ಈಗ ಅಂದೆಯಲ್ಲ. ಹಂಗೇ." ಮೈಮೇಲಿನ ಮಣ್ಣು ಕೊಡವುತ್ತ ಹೇಳಿದ: "ನಾನಾದ್ರೂ ಕತ್ತು ತಿರುಗಿಸಿ ನೋಡಬೇಕಿತ್ತು. ನೀನು ಆಯ್ತು ಅಂದ್ರೆ ಕೇಳೋಕೆ ಹಿತವಾಗಿರ್ತಿತ್ತು. ಅದಕ್ಕೇ ನೋಡ್ತಿರಲಿಲ್ಲ."

ಆದರೆ ಮಾರನೇ ದಿನ ಮಕ್ಕಳು ಬರುತ್ತವೆ. ಕೆಲಸ ನಿಲ್ಲಿಸುವಂತಿರಲಿಲ್ಲ. ಮತ್ತೆ ಜಾಕು ಹೊರತೆಗೆದು, ಅದರ ಅಡಿಗೆ ಅಗಲವಾದ ಹಲಗೆ ಕೊಟ್ಟು, ಕಾರನ್ನು ಎತ್ತಿದರು. ದಿಮ್ಮಿ ಬಂತು. ಬಿಚ್ಚಿದ ಗಾಲಿಯನ್ನೂ ಅಡ್ಡ ಮಲಗಿಸಿ ಒಳಗೆ ತಳ್ಳಿದರು. ಓಬಳೇಶ ಕೆಳಗೆ ಹೋಗಲು ಬಗ್ಗಿದ, ಆಗದೆ ಹಾಗೇ ಕೂತುಬಿಟ್ಟ. ಪಾಲಾಕ್ಷಿ ಹೊಸ ಚೀಲ ಹಾಸಿ ತಾನೇ ಕೆಳಗೆ ಜರುಗಿದ.

ಈಗ ಕೇಳುವವನು ಅವನು. "ಭಾವ, ದಿಮ್ಮಿ?"

"ಐತೆ. ಅದರ ಮೇಲೆ ಕೈಯಿಟ್ಟುಕೊಂಡೇ ಕೂತಿದೀನಿ. ನೀನೂ ಒಂದ್ಸಲ ಮುಟ್ಟಿ ನೋಡು."

ಒಳಗಿನಿಂದ ಒಂದು ಕೈ ಬಂದು ದಿಮ್ಮಿಯನ್ನು ತಡವಿತು. "ಅಲುಗ್ತಾ ಐತಾ?"

"ಇಲ್ಲ."

ರಾಡು ಠಣ್ ಅಂದಾಗಲೆಲ್ಲ ಗಂಗಮ್ಮ ಕಣ್ಣು ಮುಚ್ಚುತ್ತಿದ್ದಳು. ಹಳೇ ಆಕ್ಸೆಲ್ ಕಳಚಿತು. ಹೊಸದು ಟಕ್ ಅಂತ ಕೂತಿತು. ಪಾಲಾಕ್ಷಿ ಈಚೆ ಬಂದ ಮೇಲೂ ಓಬಳೇಶ ದಿಮ್ಮಿಯಿಂದ ಕೈ ತೆಗೆದಿರಲಿಲ್ಲ. ಹೊತ್ತು ಇಳಿಯುವ ಮುಂಚೆ ಬೀದಿಯ ತಿರುವಿನಲ್ಲಿ ಕಾರು ಓಡಿಸಿ ನೋಡಿದರು. ಕಟಕಟ ಇರಲಿಲ್ಲ. ಆದರೂ ಇಬ್ಬರೂ ನಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ನಾನು ಜಗಲಿಯ ಮೇಲೆ ನನ್ನ ದುಪ್ಪಟಿ ಮಡಚುತ್ತಿದ್ದೆ. ಗಂಗಮ್ಮ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಬಂದಳು.

"ಎಲ್ಲಿಗಣ್ಣ ಹೊರಟಿದ್ದು?"

"ಗೊತ್ತಿಲ್ಲಕ್ಕ. ಹಿರಿಯೂರಿನ ಬಸ್ಸು ಮೊದಲು ಬಂದರೆ ಆ ಕಡೆ."

"ಮುಂದಿನ ಸುಗ್ಗಿಗೆ ಈ ಕಡೆ ಬರ್ತೀರಲ್ಲ?"

ಹೊರಡುವವರು ಇಂಥ ಮಾತಿಗೆ ಆಯ್ತು ಅನ್ನಬೇಕು ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಾನು ರೊಟ್ಟಿಯ ಗಂಟನ್ನು ಚೀಲದಲ್ಲಿಟ್ಟೆ. "ಬರೋದು ಬಿಡೋದು ನನಗೇ ಗೊತ್ತಿಲ್ಲಕ್ಕ. ಬರ್ತೀನಿ ಅಂತ ಹೇಳಲಾರೆ."

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ಹಂಗಾದ್ರೆ ಇನ್ನೆರಡು ರೊಟ್ಟಿ ಇಟ್ಕೊಳ್ಳಿ," ಅಂತ ಒಳಗೆ ಹೋದಳು. ನಾನು ಚೀಲದ ಬಾಯಿ ಬಿಚ್ಚಿಕೊಂಡು ಕಾದೆ.

ನೀತಿ: ಒಪ್ಪಿಕೊಂಡದ್ದು ಬೇರೆ, ಮಾಡಿ ಮುಗಿಸಿದ್ದು ಬೇರೆ. ಮಾಡಿಲ್ಲದ್ದನ್ನು ದೊಡ್ಡವರ ಮುಂದೆಯೂ ‘ಇಲ್ಲ’ ಎನ್ನಿ. ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ, ಒಂದು ಜೀವ ಉಳಿಯಬಹುದು. ಕಿರಿಯರ ಬಾಯಲ್ಲಿ ‘ಇಲ್ಲ’ ಅನ್ನುವ ಮಾತಿಗೆ ಜಾಗ ಬಿಡದ ದೊಡ್ಡವರು ದಿಮ್ಮಿ ಇಲ್ಲದ ಕಾರಿನ ಕೆಳಗೆ ಮಲಗಿದಂತೆ.